ಕಾಲರಿನ ಒಳಗಡೆ

ಲೆಸ್ಟರಿನ ಬೆಲ್‌ಗ್ರೇವ್ ರಸ್ತೆಯ ಹಿಂದೊಂದು ಸಂದಿ,
ಸಂದಿಯಲ್ಲಿ ನಮ್ಮ ಆಲ್ಟರೇಷನ್ ಅಂಗಡಿ.
ಮೂರು ಮಷೀನು, ಒಂದು ಇಸ್ತ್ರಿ, ಒಂದೇ ಕೆಟಲ್.
ಹನ್ನೊಂದಕ್ಕೆ ಚಹಾ, ಚಹಾದ ಜೊತೆ ಜಗಳ.

ರಹೆಲಾ ಅಂಗಿಯ ಕುತ್ತಿಗೆ ತಿರುವಿ
ಚೀಟಿ ಓದುತ್ತಾಳೆ, ಜಾತಕ ಓದಿದಂತೆ:
‘ನೋಡು, ಇದೂ ನಮ್ಮದೇ.
ನೆಟ್ಟಗೆ ನಾಲ್ಕು ಹತ್ತಿಹೊಲವಿಲ್ಲದ ದೇಶ
ಹುಡುಗಿಯರನ್ನು ಮಷೀನಿಗೆ ಕೂರಿಸಿ
ಲೋಕಕ್ಕೆಲ್ಲ ಅಂಗಿ ತೊಡಿಸಿತು.’
ಜುಬೈದಾ ಇಸ್ತ್ರಿ ಕೆಳಗಿಡುವುದಿಲ್ಲ:
‘ಹತ್ತಿ ನಮ್ಮದು, ನೂಲು ನಮ್ಮದು, ಬಟ್ಟೆ ನಮ್ಮದು!’
‘ಮತ್ತೆ ದುಡ್ಡು?’
ಇಸ್ತ್ರಿ ಬುಸ್ ಎನ್ನುತ್ತದೆ. ಅದೇ ಉತ್ತರ.

ಇಬ್ಬರೂ ನನ್ನ ಕಡೆ ತಿರುಗುತ್ತಾರೆ.
ಬನಹಟ್ಟಿಯವಳು ನಾನು,
ಮಗ್ಗದ ಸದ್ದಿಗೆ ನಿದ್ದೆಹೋಗುತ್ತಿದ್ದ ಮಗು,
ಸದ್ದು ನಿಂತ ರಾತ್ರಿ ಎಚ್ಚರಾದವಳು.
‘ಅಷ್ಟು ದೊಡ್ಡ ದೇಶ, ನೀವೇನು ಮಾಡಿದಿರಿ?’
ನಾವು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡಿದೆವು.
ಕೈಮಗ್ಗಕ್ಕೆ ಸಬ್ಸಿಡಿ, ಪವರ್‌ಲೂಮಿಗೆ ಕರೆಂಟು;
ಕರೆಂಟು ಬಂದಾಗ ನೂಲಿಲ್ಲ, ನೂಲು ಬಂದಾಗ ಕೊಳ್ಳುವವರಿಲ್ಲ.
ನಗುತ್ತಾರೆ. ನಾನೂ.

ನೆರೆಮನೆಯ ಒಗ್ಗರಣೆ ವಾಸನೆಯಿಂದಲೇ
ಅವರ ಆದಾಯ ಲೆಕ್ಕಹಾಕುವ ಹಳೆ ಚಾಳಿ ಇದು.
ರಹೆಲಾಳ ಚಿಕ್ಕಮ್ಮನ ಮಗಳು ಗಾಜೀಪುರದಲ್ಲಿ
ಗಂಟೆಗೆ ಎಂಬತ್ತು ಕಾಲರು ಕೂಡಿಸುತ್ತಾಳೆ.
ಆ ಹುಡುಗಿಯ ಮಾತು ಬಂದಾಗ ಮಾತ್ರ
ರಹೆಲಾ ತನ್ನ ದೇಶದ ಪರ ವಾದಿಸುವುದಿಲ್ಲ.

ಮಂಗಳವಾರ ಮಿಸ್ಟರ್ ಹ್ಯಾಲಮ್ ಬಂದರು,
ಕೈಯಲ್ಲಿ ಕಂದು ಕಾರ್ಡಿಗನ್, ಗುಂಡಿಯೊಂದು ಕಳೆದಿತ್ತು.
ರೂಢಿಯಂತೆ ರಹೆಲಾ ಕುತ್ತಿಗೆ ತಿರುವಿದಳು.
ಢಾಕಾ ಅಲ್ಲ, ಕರಾಚಿ ಅಲ್ಲ.
‘ಲೆಸ್ಟರ್’ ಅಂತಿತ್ತು, ಕೆಂಪು ದಾರದಲ್ಲಿ.

‘ಆ ತಿರುವಿನಲ್ಲೇ ಮಿಲ್ಲು,’ ಅಂದರು.
‘ಕುತ್ತಿಗೆಪಟ್ಟಿ ಕೂಡಿಸುತ್ತಿದ್ದಳು ನನ್ನ ಹೆಂಡತಿ.
ಗಂಟೆಗೆ ಎಷ್ಟು ಅಂತ ಅವಳೇ ಹೇಳಬೇಕಿತ್ತು.’
ತಿರುವಿನಲ್ಲಿ ಈಗ ಫ್ಲಾಟುಗಳು.
ಜುಬೈದಾಳ ಮಗ ಮೂರನೇ ಮಹಡಿಗೆ ಬಾಡಿಗೆ ಕಟ್ಟುತ್ತಾನೆ.

ಸ್ವಲ್ಪ ಹೊತ್ತು
ಯಾರೂ ಯಾವ ದೇಶವನ್ನೂ ಗೆಲ್ಲಿಸಲಿಲ್ಲ.
ಗುಂಡಿಯ ಡಬ್ಬಿ ಸುರುವಿ ಹುಡುಕಿದೆ.
ಕಂದು ಸಿಕ್ಕಿತು, ಅದೇ ಕಂದಲ್ಲ.
ಎಲ್ಲಿ ಮಾಡಿದ್ದೆಂದು ಗುಂಡಿಯ ಮೇಲೆ ಬರೆದಿರುವುದಿಲ್ಲ.
ಮೂರು ಪೌಂಡ್ ಎಂದೆ.
‘ಇನ್ನೈದು ಸೇರಿಸಿದರೆ ಹೊಸತೇ ಬರುತ್ತದಲ್ಲ,’
ಎಂದು ನಕ್ಕು, ಗುರುವಾರ ಬರುತ್ತೇನೆಂದು ಹೋದರು.

ಚೀಟಿಯ ಒಂದು ಮೂಲೆ ಬಿಟ್ಟಿತ್ತು.
ರಹೆಲಾ ಅದಕ್ಕೂ ಎರಡು ಹೊಲಿಗೆ ಹಾಕಿದಳು,
ಬಿಲ್ಲಿಗೆ ಸೇರಿಸಲಿಲ್ಲ.