ನೆರಳಿನ ಅಂಚು

ಹತ್ತು ಗಂಟೆಗೆ ಬಂದವರಿಗೆ ಏನೂ ಕಾಣುವುದಿಲ್ಲ,
ಏಳೂವರೆಗೆ ಬನ್ನಿ, ಎಂದಿದ್ದಳು ಸಾತು ಪಟಗಾರ.

ಅಳ್ವೆಕೋಡಿಯ ಗದ್ದೆಯಲ್ಲಿ ಜನವರಿಯ ಇಬ್ಬನಿ
ನೀರುಳ್ಳಿಯ ಒಂದೊಂದು ಕೊಳವೆಯೆಲೆಗೂ
ಮಣಿ ಕಟ್ಟಿ ನಿಂತಿತ್ತು.
ಹೆದ್ದಾರಿಯಾಚೆ ಹುಟ್ಟಿದ ಬಿಸಿಲು
ರಸ್ತೆ ದಾಟಿ, ಅಗಳು ಹಾರಿ,
ಮಡಿಯಿಂದ ಮಡಿಗೆ ಒದ್ದೆ ಒರೆಸುತ್ತ ಬಂತು,
ಮೂರು ಮಡಿಗಳನ್ನು ಬಿಟ್ಟು.

ಅಲ್ಲಿ ನೆರಳು. ಮರದ್ದಲ್ಲ,
ಮರದ ನೆರಳಿಗೆ ತೂತುಗಳಿರುತ್ತವೆ.
ಇದು ಅಳತೆಪಟ್ಟಿ ಇಟ್ಟು ಕೊಯ್ದ ಕಪ್ಪು:
ಚಿನ್ನದಂಗಡಿಯ ದೊಡ್ಡ ಬೋರ್ಡು,
ಅದರಲ್ಲೊಬ್ಬ ಮದುಮಗಳು
ಕಣ್ಣು ಮುಚ್ಚಿಕೊಂಡು ನಗುತ್ತಿದ್ದಳು.

ಭೂತಗನ್ನಡಿ ತೆಗೆದೆ.
ಎಲೆಯ ಮೇಲೆ ನೇರಳೆ ಮಚ್ಚೆ, ಸುತ್ತ ಹಳದಿ,
ನಡುವೆ ಕಾಡಿಗೆಯಂಥ ಪುಡಿ.
ಬೀಜಕಣ. ಅದಕ್ಕೆ ಅವಸರವಿಲ್ಲ.
ಎಲೆ ಒದ್ದೆಯಿರುವಷ್ಟು ಹೊತ್ತು
ಒಂದು ಎಳೆ ಚಾಚಿ ಬಾಗಿಲು ತಡಕುತ್ತದೆ.
ಬಿಸಿಲು ಬಿದ್ದರೆ ತಡಕುವ ಬೆರಳು ಒಣಗುತ್ತದೆ,
ಬಿಸಿಲು ತಡವಾದರೆ
ಒಳಗೆ.

ಸಾತು ಇದನ್ನೆಲ್ಲ ಓದಿದವಳಲ್ಲ.
ನೆರಳಿನ ಅಂಚಿಗೆ ಹಿಡಿಕಡ್ಡಿ ನೆಟ್ಟಿದ್ದಳು, ವಾರಕ್ಕೊಂದು.
ಸೂರ್ಯ ಬಡಗಣಕ್ಕೆ ಸರಿದಂತೆ ನೆರಳು ತೆಂಕಣಕ್ಕೆ,
ನೆರಳಿನ ಹಿಂದೆ ಹತ್ತು ದಿನ ಬಿಟ್ಟು ಮಚ್ಚೆ,
ಅಕ್ಕನ ಸೆರಗು ಹಿಡಿದು ನಡೆವ ಮಗುವಿನಂತೆ.

ಚೀಟಿಯಲ್ಲಿ ಮದ್ದಿನ ಹೆಸರು ಬರೆದೆ,
ಲೀಟರಿಗೆ ಎರಡೂವರೆ ಗ್ರಾಂ.
"ಗಿಡಕ್ಕೆ ಹೊಡೀತೆ ಅಮ್ಮಾ.
ಆ ಬೋರ್ಡಿಗೆ ಹೊಡೂಕೆ ಏನಾರೂ ಉಂಟಾ?"

ಇಲಾಖೆಯ ನಮೂನೆಯಲ್ಲಿ ರೋಗಕಾರಣಕ್ಕೆ ಒಂದೇ ಸಾಲು.
ನೆರಳು ಎಂದು ಬರೆದೆ, ಹೊಡೆದು ಹಾಕಿದೆ,
ಶಿಲೀಂಧ್ರ ಎಂದು ಬರೆದೆ. ಸುಳ್ಳೇನಲ್ಲ.

ಫೆಬ್ರುವರಿಯ ಒಂದು ರಾತ್ರಿ ಗಾಳಿ.
ಗಾಳಿಯೋ ಕುಡುಗೋಲೋ, ನಾನು ಕೇಳಲಿಲ್ಲ.
ಬೆಳಗ್ಗೆ ಬರೀ ಕಬ್ಬಿಣದ ಚೌಕಟ್ಟು,
ಗದ್ದೆಯ ಮೇಲೆ ತೆಳ್ಳಗಿನ ಗೆರೆಗಳು,
ಮಕ್ಕಳ ಲೆಕ್ಕದ ಪುಸ್ತಕದ ಚೌಕಳಿಯ ಹಾಗೆ.
ಹೊಸ ಎಲೆ ಹಸಿರಾಗಿಯೇ ಬಂತು.
ಹಳೆಯ ಮಚ್ಚೆ ಹೋಗಲಿಲ್ಲ,
ಬಿಸಿಲು ಒಣಗಿಸುತ್ತದೆ, ಅಳಿಸುವುದಿಲ್ಲ.

ಮೇ ತಿಂಗಳ ಮೊದಲ ಮಳೆಗೆ
ರಸ್ತೆ ಬದಿಯ ಅವಳ ಚಪ್ಪರದೊಳಗೆ ನುಗ್ಗಿದೆ.
ಜಡೆ ಹೆಣೆದ ನೀರುಳ್ಳಿ ತೂಗುತ್ತಿತ್ತು,
ಅದರ ಮೇಲೆ ಬೋರಲು ಹೊದಿಸಿದ ಫ್ಲೆಕ್ಸು:
ಒಂದು ಮೂಗುತಿ, ಮುಚ್ಚಿದ ಒಂದು ಕಣ್ಣು,
ಅದರಾಚೆ ಹನಿಗಳು ಓಡಾಡುವ ನೆರಳು.

"ಇದು ಆ ಮೂರು ಮಡೀದು," ಸಣ್ಣ ಗಡ್ಡೆಯ ಜಡೆಯೊಂದನ್ನು
ಬೇರೆಯೇ ಮೊಳೆಗೆ ಹಾಕಿದ್ದಳು.
"ದರ ಕಮ್ಮಿ. ಸಿಹಿ ಅದೇಯಾ."