ಇನ್ನೂರ ಹನ್ನೆರಡನೆಯ ಕಿಟಕಿ

ಕಂಟ್ರಾಕ್ಟರ್ ಓಡಿಹೋದ ಮೂರನೇ ವಾರಕ್ಕೆ
ಕರೆಂಟಿನವರು ಬಂದು ಫ್ಯೂಸು ಕಿತ್ತುಕೊಂಡು ಹೋದರು.
ಇಬ್ರಿಯ ಹೊರಗೆ, ಕಲ್ಲುಮರಳಿನ ಬಯಲಲ್ಲಿ
ನಾಲ್ಕು ಮಹಡಿಯ ಎಲುಬಿನ ಗೂಡು, ಪಕ್ಕದಲ್ಲೊಂದು ಕ್ರೇನು,
ಕೆಳಗೆ ತಗಡಿನ ಕೋಣೆಯಲ್ಲಿ ನಾನು ಮತ್ತು ಮುಕದ್ದರ್.
ಕಾವಲಿಗೆ ಇರಿ ಅಂದಿದ್ದರು. ಯಾವುದರ ಕಾವಲು, ಎಷ್ಟು ದಿನ,
ಅದನ್ನು ಹೇಳಬೇಕಾದವನ ಫೋನು ಸ್ವಿಚ್ ಆಫ್.

ನಮ್ಮದೂ ಆಯಿತು, ಎರಡೇ ದಿನದಲ್ಲಿ.

ಮುಕದ್ದರ್ ಸ್ವಾಬಿಯವನು, ಟ್ರಕ್ಕಿನ ವೈರಿಂಗ್ ಬಲ್ಲವನು.
ಸಿಮೆಂಟ್ ಚೀಲದ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಬರೆದ:
ಒಂದು ಬಲ್ಬು, ಎರಡು ಫೋನು, ಒಂದು ಫ್ಯಾನು, ಅದೂ ಚಿಕ್ಕದು.
ಆಮೇಲೆ ಫ್ಯಾನು ಹೊಡೆದುಹಾಕಿದ. ಆಮೇಲೆ ನನ್ನ ಮುಖ ನೋಡಿ
ಬಲ್ಬು ಹೊಡೆದುಹಾಕಿ ಫ್ಯಾನನ್ನು ಮತ್ತೆ ಬರೆದ.
ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು, ನಿಜ.
ಇಲ್ಲಿ ಬಿಸಿಲಿನ ಹಾಸಿಗೆ ಕಣ್ಣು ಹಾಯುವವರೆಗೂ ಇದೆ,
ಕಾಲಿಗೇ ಕಾಸಿಲ್ಲ.

ಗುಜರಿಯಲ್ಲಿ ಅಂಚು ಸೀಳಿದ ಸೆಲ್ಲು, ನಲವತ್ತಕ್ಕೆ ನಾಲ್ಕು ರಿಯಾಲ್,
ಪಟ್ಟಿತಂತಿಗೆ ಒಂದು, ಬೆಸುಗೆಸೀಸಕ್ಕೆ ಆರುನೂರು ಬೈಸಾ,
ಸಿಲಿಕಾನ್ ಗೋಂದಿಗೆ ಎಂಟುನೂರು,
ಸತ್ತ ಪಿಕಪ್ಪಿನ ಇನ್ನೂ ಸಾಯದ ಬ್ಯಾಟರಿಗೆ ಮೂರು ರಿಯಾಲ್.
ಒಟ್ಟು ಒಂಬತ್ತು ನಾನೂರು. ನನ್ನ ವಾಚು ಹನ್ನೊಂದಕ್ಕೆ ಹೋಯಿತು.
ಉಳಿದದ್ದರಲ್ಲಿ ಈರುಳ್ಳಿ ತಂದೆವು.

ಗಾಜು?
ಗಾಜನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.
ನಾನು ಈ ದೇಶಕ್ಕೆ ಬಂದದ್ದೇ ಕಿಟಕಿ ಕೂರಿಸಲು.
ಇನ್ನೂರ ಹನ್ನೆರಡು ಕಿಟಕಿ, ಪ್ಲಾಸ್ಟಿಕ್ ಹೊದ್ದು
ನೆಲಮಾಳಿಗೆಯಲ್ಲಿ ನಿಂತಿದ್ದವು, ಗೋಡೆ ಬರಲೆಂದು.
ಒಂದನ್ನು ಹೊರಗೆ ತಂದೆವು. ಇಬ್ಬರೂ ಮಾತಾಡಲಿಲ್ಲ.

ಸೆಲ್ಲು ಎಂದರೆ ಹಪ್ಪಳ ಮಾರಾಯ್ರೇ,
ಸುಡುವ ಮೊದಲೇ ಮುರಿಯುವ ಹಪ್ಪಳ.
ಗ್ಯಾಸ್ ಒಲೆಯಲ್ಲಿ ತಾಮ್ರದ ಸರಳು ಕಾಸಿ, ಉಸಿರು ಬಿಗಿಹಿಡಿದು
ಒಂದರ ಮುಖವನ್ನು ಮುಂದಿನದರ ಬೆನ್ನಿಗೆ ಕಟ್ಟುತ್ತ ಹೋದೆವು.
ನಾಲ್ಕು ಒಡೆದವು. ಮೂವತ್ತಾರು ಉಳಿದವು.
ಒಂದೊಂದರದ್ದು ಅರ್ಧ ವೋಲ್ಟು, ಒಂಟಿಯಾಗಿ
ಮಿಂಚುಹುಳಕ್ಕೂ ಸಾಲದು.

ಮೊದಲ ದಿನ ಬೆಳಿಗ್ಗೆ ಎಂಟಕ್ಕೆ ಫ್ಯಾನು ತಿರುಗಿತು.
ಮುಕದ್ದರ್ ಅದರೆದುರು ಗಡ್ಡ ಹಾರಿಸಿಕೊಂಡು ಕೂತ.
ಮಧ್ಯಾಹ್ನ ನೆತ್ತಿ ಕಾದಾಗ ನಿಧಾನವಾಯಿತು.
ಇಷ್ಟೊಂದು ಸೂರ್ಯ ಅದಕ್ಕೂ ಆಗಿಬರುವುದಿಲ್ಲವೆಂದು
ಯಾರಿಗೆ ಗೊತ್ತಿತ್ತು?
ತಗಡಿನಿಂದ ಒಂದು ಗೇಣು ಎತ್ತರಿಸಿ
ಅಡಿಯಲ್ಲಿ ಗಾಳಿಗೆ ದಾರಿ ಬಿಟ್ಟೆವು.
ನಾಲ್ಕು ಗಂಟೆಗೆ ಪೂರ್ತಿ ನಿಂತೇಬಿಟ್ಟಿತು.
ಹತ್ತಿ ನೋಡಿದರೆ ಕ್ರೇನಿನ ನೆರಳು,
ಅಂಗೈ ಅಗಲದ್ದು, ಎರಡೇ ಸೆಲ್ಲುಗಳ ಮೇಲೆ ಮಲಗಿತ್ತು.
ಎರಡಕ್ಕೆ ಕತ್ತಲಾದರೆ ಮೂವತ್ತಾರೂ ಮುಷ್ಕರ.
ಒಂದು ಸಹಿಯಿಲ್ಲದೆ ನಲವತ್ತು ಜನರ ಸಂಬಳ ನಿಂತದ್ದು ಕಂಡವನು ನಾನು,
ನನಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ.

ಅಂದಿನಿಂದ ದಿನಕ್ಕೆ ಮೂರು ಸಲ ಅದನ್ನೆತ್ತಿ ಜಾಗ ಬದಲಿಸುತ್ತೇವೆ,
ಎಣ್ಣೆ ಹಚ್ಚಿದ ಕೂಸನ್ನು ಎಳೆಬಿಸಿಲಿಗೆ ಹಿಡಿಯುವಂತೆ.
ನಸುಕಿನಲ್ಲಿ ಇಬ್ಬನಿ ಆರುವ ಮೊದಲು
ಹಳೇ ಬನಿಯನ್ನಿನಿಂದ ಧೂಳು ಒರೆಸುತ್ತೇವೆ.

ಅಕ್ಟೋಬರಿನಲ್ಲಿ ಹಿಲಾಲ್ ಬಂದ, ಕೋರ್ಟಿನ ಕಾಗದ ಹಿಡಿದು.
ಕ್ರೇನು ಒಂದು. ಮಿಕ್ಸರು ಎರಡು. ಕಬ್ಬಿಣ ಇಂತಿಷ್ಟು.
ನೆಲಮಾಳಿಗೆಯಿಂದ ಮೇಲೆ ಬಂದಾಗ ಅವನ ಹಣೆಯಲ್ಲಿ ಬೆವರು,
ನಮ್ಮ ಹೊಟ್ಟೆಯಲ್ಲಿ ಕಲ್ಲು.
ಇನ್ನೂರ ಹನ್ನೊಂದು, ಅಂದ.
ತಲೆಯೆತ್ತಿ ತಗಡಿನ ಮೇಲೆ ನೋಡಿದ. ಬಹಳ ಹೊತ್ತು.
ಒಳಗೆ ಬಂದು ಫ್ಯಾನಿನ ಮುಂದೆ ಕೂತ.
ಜೇಬಿನಿಂದ ಫೋನು ತೆಗೆದ, ಶೇಕಡಾ ನಾಲ್ಕು ಇತ್ತು,
ನಮ್ಮ ವೈರಿಗೆ ಕೈ ಚಾಚಿದ.
ಮುಕದ್ದರ್ ಚಹಾಕ್ಕೆ ನೀರಿಟ್ಟ.

ಅವನು ಹೋದ ಮೇಲೆ ಬಾಗಿಲಿಗೆ ಅಂಟಿಸಿದ ಪಟ್ಟಿಯನ್ನು
ಮುಕದ್ದರ್ ತಡವರಿಸುತ್ತ ಓದಿದ,
ನನಗೆ ಆ ಲಿಪಿ ಬಾರದು:
ಕಿಟಕಿ, ಇನ್ನೂರ ಹನ್ನೆರಡು.
ಅದರಲ್ಲಿ ಒಂದನ್ನು ಕೂರಿಸಲಾಗಿದೆ.