ಕಾಯುವ ಕೋಣೆ

ದುರ್ಗಿಗುಡಿಯ ಹಲ್ಲಿನ ಕ್ಲಿನಿಕ್ಕಿನಲ್ಲಿ
ಹೆಸರು ಬರೆದುಕೊಳ್ಳುವವಳು ನಾನು.
ಬರುವವರು ಕೆನ್ನೆ ಹಿಡಿದೇ ಬರುತ್ತಾರೆ,
ಎಲ್ಲಿ ನೋವೆಂದು ಕೇಳಬೇಕಾಗಿಲ್ಲ.
ಗಾಜಿನ ತೊಟ್ಟಿಯ ಆರು ಜನಕ್ಕೆ
ಹಿಡಿದುಕೊಳ್ಳಲು ಕೈಯಿಲ್ಲ.

ಮೊದಲು ಕಂಡದ್ದು ನನಗಲ್ಲ,
ದವಡೆ ಹಲ್ಲು ಕೀಳಿಸಲು ಬಂದ ಆಯನೂರಿನ ಹುಡುಗನಿಗೆ.
"ಆಂಟಿ, ಈ ಮೀನಿನ ಮೇಲೆ ಯಾರೋ ರವೆ ಉದುರಿಸಿದಾರೆ."
ಹೌದು, ರವೆಯೇ.
ಬಾಲದ ಮೇಲೆ ಏಳು ಕಾಳು, ಕಿವಿರಿನ ಹತ್ತಿರ ಮೂರು.
ಕಲ್ಲಿಗೆ ಮೈ ಉಜ್ಜಿಕೊಂಡು ಉಜ್ಜಿಕೊಂಡು
ಥಟ್ಟನೆ ನಿಂತು
ಏನೂ ಆಗಿಲ್ಲವೆಂಬಂತೆ ನನ್ನನ್ನೇ ನೋಡಿತು.

ಊಟದ ಹೊತ್ತಿನಲ್ಲಿ ಓಡಿದೆ ಇಲಿಯಾಸಣ್ಣನ ಅಂಗಡಿಗೆ.
ಅವನು ಮೀನಿನ ಸುದ್ದಿ ಕೇಳಲೇ ಇಲ್ಲ, ನೀರಿನದು ಕೇಳಿದ.
ಯಾವಾಗ ಬದಲಿಸಿದ್ದು? ಎಷ್ಟು? ನಲ್ಲಿಯದೋ, ನಿಂತದ್ದೋ?
ನಲ್ಲಿಯದೇ, ಎಂದೆ, ತುಂಗೆಯ ನೀರಲ್ಲವೇ.
"ತುಂಗೆನೇ ಮೇಡಂ. ಆದ್ರೆ ಟ್ಯಾಂಕ್ ಹತ್ತಿ
ಬ್ಲೀಚಿಂಗ್ ಕುಡಿದು ಬಂದಿರ್ತಾಳೆ.
ಒಂದಿನ ಬಕೆಟ್ಟಲ್ಲಿ ಕೂರಿಸಿ, ಇಳಿಯುತ್ತೆ."
ಆಮೇಲೆ ತಗ್ಗಿದ ದನಿಯಲ್ಲಿ:
"ಮದ್ದು ಮೀನಿಗಲ್ಲ, ನೀರಿಗೆ.
ಮೈಗೆ ಕಚ್ಚಿದಾಗ ಆ ಚುಕ್ಕಿ ಯಾರ ಮಾತೂ ಕೇಳಲ್ಲ.
ಬಿಟ್ಟು ಈಜೋವಾಗ ಹಿಡೀಬೇಕು.
ನೀರು ಬೆಚ್ಚಗಾದಷ್ಟೂ ಬೇಗ ಬಿಡುತ್ತೆ."

ಹೀಟರ್ ಕೊಂಡೆ. ಡಾಕ್ಟರಿಗೆ ಹೇಳದೆ
ಹತ್ತಿ, ಡೆಟಾಲ್ ಎಂದು ಲೆಕ್ಕ ಬರೆದೆ.
ದಿನಕ್ಕೆ ಎರಡು ಡಿಗ್ರಿ, ಹೆಚ್ಚಿಲ್ಲ.
ಕಲ್ಲುಪ್ಪು, ಚಮಚದ ಲೆಕ್ಕದಲ್ಲಿ.
ಫಿಲ್ಟರಿನ ಇದ್ದಿಲು ತೆಗೆದಿಟ್ಟೆ,
ಇಲ್ಲವಾದರೆ ಮದ್ದನ್ನೆಲ್ಲ ಅದೇ ಹೀರಿಬಿಡುತ್ತದೆ.
ನೀಲಿ ಹನಿ ನೀರಲ್ಲಿ ಬಿಚ್ಚಿಕೊಂಡಿತು
ಯಾರೋ ಸೆರಗು ಕೊಡವಿದ ಹಾಗೆ,
ನನ್ನ ಉಗುರಿನ ಸಂದಿಯಲ್ಲೂ ಉಳಿಯಿತು.
"ಮತ್ತೆ ಎಲೆಕ್ಷನ್ ಯಾವಾಗ ಆಯ್ತಮ್ಮ?" ಎಂದರು
ಕಟ್ಟುಹಲ್ಲಿನ ಅಳತೆ ಕೊಡಲು ಬಂದ ಮಾಜಿ ಶಿರಸ್ತೇದಾರರು.

ಮೂರನೆಯ ದಿನ, ಮಂಗಳವಾರ, ಕರೆಂಟು ಹೋಯಿತು.
ಡಿಸೆಂಬರಿನ ಸಂಜೆ. ಡ್ರಿಲ್ಲು ನಿಂತಿತು, ಗಾಳಿಯ ಗುಳ್ಳೆ ನಿಂತಿತು.
ನಾನು ಲೋಟದಲ್ಲಿ ನೀರು ಮೊಗೆದು
ಎತ್ತರದಿಂದ ಸುರಿದೆ, ಮೊಗೆದೆ, ಸುರಿದೆ.
ಕೆನ್ನೆ ಊದಿದ ಹೆಂಗಸೊಬ್ಬಳು
ಮಾತಾಡಲಾಗದೆ ಎದ್ದು ಬಂದು
ತನ್ನ ಶಾಲನ್ನು ತೊಟ್ಟಿಗೆ ಸುತ್ತಿದಳು.
ಇನ್ನೊಬ್ಬರು ಲೋಟ ಇಸಿದುಕೊಂಡರು.
ಒಂದೂವರೆ ಗಂಟೆ.
ಯಾರೂ ತಮ್ಮ ಸರದಿ ಕೇಳಲಿಲ್ಲ.

ಐದು ಬದುಕಿದವು.

ಕಪ್ಪು ಕಣ್ಣಿನ ದಪ್ಪನೆಯವಳ ಕಾಯಿಲೆ ಬೇರೆಯದೇ ಇತ್ತು.
ಹೊಟ್ಟೆ ಉಬ್ಬಿ
ಹುರುಪೆಯೆಲ್ಲ ಹಲಸಿನ ಸಿಪ್ಪೆಯಂತೆ ನಿಮಿರಿತ್ತು.
ಮೊದಲೇ ನೋಡಬಹುದಿತ್ತು ನಾನು, ಮೇಲಿನಿಂದ.
ಎದುರಿನಿಂದ ಬರೀ ಚೆಂದ ನೋಡಿದೆ.
ಬೇರೆ ಪಾತ್ರೆ, ಬೇರೆ ಉಪ್ಪು, ನಾಲ್ಕು ದಿನ.
ಫೋನಿನಲ್ಲಿ ಇಲಿಯಾಸಣ್ಣ ಬಹಳ ಹೊತ್ತು ಸುಮ್ಮನಿದ್ದ.
"ಲವಂಗದೆಣ್ಣೆ ಇದೆಯಾ?"

ಇದೆ. ಎರಡನೆಯ ಕಪಾಟಿನಲ್ಲಿ,
ರಾತ್ರಿಯಿಡೀ ನಿದ್ದೆಗೆಟ್ಟು ಬಂದವರಿಗೆಂದು.
ಬಾಟಲಿಯಲ್ಲಿ ನೀರು ಹಾಕಿ ಕುಲುಕಿ
ನಿಧಾನ, ನಿಧಾನವಾಗಿ ಸುರಿದೆ.
ಮೊದಲು ನಿದ್ದೆ. ಆಮೇಲೆ ಇನ್ನಷ್ಟು.
ಕಿವಿರು ನಿಂತ ಮೇಲೂ
ಗೋಡೆ ಗಡಿಯಾರ ನೋಡುತ್ತ ಕೂತೆ, ಅವನು ಹೇಳಿದಷ್ಟು ಹೊತ್ತು.

"ಸಿಸ್ಟರ್, ನೋಯುತ್ತಾ?" ಎಂದು ಬಾಗಿಲಲ್ಲಿ ಯಾರೋ.
ನನ್ನ ಕೈಯೆಲ್ಲ ಲವಂಗ.
ಇಲ್ಲ, ಎಂದೆ. ಮತ್ತೆ, ಗೊತ್ತಿಲ್ಲ, ಎಂದೆ.
ಹೆಸರು ಹೇಳಿ.

ಹೊಲಿಗೆ ಬಿಚ್ಚಿಸಲು ಬಂದ ಆಯನೂರಿನ ಹುಡುಗ
ಗಾಜಿಗೆ ಮೂಗು ಒತ್ತಿ ಎಣಿಸಿದ.
"ಐದೇ ಇದಾವೆ."
ನಾನು ಪುಸ್ತಕದಿಂದ ತಲೆಯೆತ್ತಲಿಲ್ಲ.
ಅವನು ಬಾಯಿ ಅಗಲಿಸಿ ತೋರಿಸಿದ, ನನಗಲ್ಲ, ಅವಕ್ಕೆ:
"ನಂದೂ ಒಂದು ಕಮ್ಮಿ."
ಮೇಜಿನ ಕೆಳಗೆ ಬಕೆಟ್ಟಿನಲ್ಲಿ
ನಾಳೆಯ ನೀರು ಕೂತಿತ್ತು.